ಬಿಲ್ ಯಾರ ಹೆಸರಲ್ಲಿದೆ?

ಪುಣೆಯ ಹಿಂಜೆವಾಡಿಯಲ್ಲಿ ಸರ್ವರ್ ನೋಡಿಕೊಳ್ಳುವ ತಂಡದಲ್ಲಿ ನನ್ನ ಕೆಲಸ. ಊರು ವಿಜಯಪುರ. ಹೆಚ್ಚಾಗಿ ರಾತ್ರಿ ಪಾಳಿ. ಕೆಲಸವಿಲ್ಲದ ದಿನ ಈವ್ ಆನ್‌ಲೈನ್ ಆಡುತ್ತೇನೆ. 2016ರ ನವೆಂಬರಿನಲ್ಲಿ ಅದನ್ನು ಪುಕ್ಕಟೆಯಾಗಿ ಆಡಲು ಬಿಟ್ಟಾಗ ಶುರು ಮಾಡಿದ್ದು, ಇಂದಿಗೂ ಬಿಟ್ಟಿಲ್ಲ. ಆ ಆಟ ಕಲಿಸಿದ್ದ ಒಂದು ಪಾಠವನ್ನು ನಾನು ಆಫೀಸಿನಲ್ಲಿ ಪಾಲಿಸಲಿಲ್ಲ. ಅದರಿಂದ ಏನಾಯಿತು ಅನ್ನುವುದನ್ನು ನಮ್ಮಂಥ ಕೆಲಸದಲ್ಲಿರುವ ಕನ್ನಡದ ಹುಡುಗರಿಗೆ ಹೇಳಬೇಕಿದೆ.

ಗೊತ್ತಿಲ್ಲದವರಿಗೆ ಆಟದ ಬಗ್ಗೆ ಎರಡು ಮಾತು. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2003ರ ಮೇ ತಿಂಗಳಲ್ಲಿ ಶುರು ಮಾಡಿದ ಬಾಹ್ಯಾಕಾಶದ ಆಟ. ಚೀನಾದವರಿಗೆ ಬೇರೆ ಸರ್ವರ್ ಇದೆ, ಅದನ್ನು ಬಿಟ್ಟರೆ ಜಗತ್ತಿನ ಆಟಗಾರರೆಲ್ಲ ಒಂದೇ ಬ್ರಹ್ಮಾಂಡದಲ್ಲಿ ಇರುತ್ತಾರೆ. ಅದಿರು ಅಗೆಯುವವರು, ಹಡಗು ಕಟ್ಟುವವರು, ಸಾಗಿಸುವವರು, ಮಾರುವವರು ಬಹುಪಾಲು ಆಟಗಾರರೇ. ಸುಟ್ಟುಹೋದ ಹಡಗು ಮತ್ತೆ ಬರುವುದಿಲ್ಲ. ಹಾಗಾಗಿ ಅಲ್ಲಿನ ತಪ್ಪಿಗೆ ತೂಕವಿದೆ.

ಅಂಥ ತಪ್ಪುಗಳಲ್ಲಿ ಎಲ್ಲರ ಬಾಯಲ್ಲೂ ಇರುವುದು 2014ರ ಜನವರಿ 27ರದ್ದು. ಬಿ-ಆರ್5ಆರ್‌ಬಿ ಎಂಬ ನಕ್ಷತ್ರ ಮಂಡಲದಲ್ಲಿ ಪ್ಯಾಂಡೆಮಿಕ್ ಲೀಜನ್ ಮತ್ತು ಎನ್3 ಎಂಬ ಆಟಗಾರರ ಗುಂಪುಗಳು ಸೇರಿದ ಪಾಳಯದವರು ತಮ್ಮ ದೊಡ್ಡ ಹಡಗುಗಳನ್ನು ನಿಲ್ಲಿಸಿಕೊಂಡಿದ್ದರು. ಆ ಜಾಗದ ಒಡೆತನ ಉಳಿಯಬೇಕಾದರೆ ಕಾಲಕಾಲಕ್ಕೆ ಆಟದ ಹಣದಲ್ಲಿ ಬಿಲ್ ಕಟ್ಟಬೇಕಿತ್ತು. ಅದು ತಾನಾಗಿಯೇ ಕಟ್ಟಿಕೊಳ್ಳುತ್ತದೆ ಎಂದು ನಂಬಿದ್ದರು, ಕಟ್ಟಿಕೊಳ್ಳಲಿಲ್ಲ. ಒಡೆತನ ಹೋಯಿತು, ವೈರಿಗಳು ನುಗ್ಗಿದರು. ಕಾಳಗ ಸುಮಾರು 21 ಗಂಟೆ ನಡೆಯಿತು. ಸರ್ವರ್ ಬೀಳಬಾರದೆಂದು ಆಟದ ಗಡಿಯಾರವನ್ನೇ ಹತ್ತರಲ್ಲಿ ಒಂದು ಪಾಲಿನ ವೇಗಕ್ಕೆ ಇಳಿಸಲಾಗಿತ್ತು. (ಎಲ್ಲವೂ ಕುಸಿಯುವುದಕ್ಕಿಂತ ಎಲ್ಲರೂ ನಿಧಾನವಾಗಲಿ ಅನ್ನುವ ಈ ಏರ್ಪಾಡು ಸರ್ವರ್ ಕೆಲಸದವನಾದ ನನಗೆ ಬಹಳ ಇಷ್ಟ.) ಆಟದ ಅತಿ ದೊಡ್ಡ ಹಡಗಾದ ಟೈಟನ್‌ಗಳು 75 ಸುಟ್ಟವು, ಅದರಲ್ಲಿ 59 ಬಿಲ್ ತಪ್ಪಿದ ಪಾಳಯದವು. ನಿಜವಾದ ಹಣದಲ್ಲಿ ಲೆಕ್ಕ ಹಾಕಿದರೆ ನಷ್ಟ 3 ಲಕ್ಷ ಡಾಲರಿನ ಆಸುಪಾಸು.

ನಾನು ಆಟಕ್ಕೆ ಬರುವ ಹೊತ್ತಿಗೆ ಇದು ಹಳೆಯ ಕಥೆಯಾಗಿತ್ತು. ಆದರೆ ಆಟದಲ್ಲಿನ ನಮ್ಮ ತಂಡದ ಹಿರಿಯರು ಹೊಸಬರಿಗೆ ಮೊದಲು ಹೇಳುತ್ತಿದ್ದದ್ದು ಇದನ್ನೇ. ನನಗೆ ಕೊಟ್ಟ ಕೆಲಸ ಇಂಧನದ್ದು. ನಮ್ಮ ನಿಲ್ದಾಣಗಳಿಗೆ ಇಂಧನ ತುಂಬುತ್ತಿರಬೇಕು. ಮುಗಿದರೆ ಸೇವೆಗಳು ನಿಲ್ಲುತ್ತವೆ, ರಕ್ಷಣೆ ತೆಳ್ಳಗಾಗುತ್ತದೆ. 2020ರ ಮೇ ತಿಂಗಳಿಂದ ಇನ್ನೊಂದು ನಿಯಮ ಬಂತು: 7 ದಿನ ಇಂಧನವಿಲ್ಲದೆ ಬಿದ್ದಿದ್ದ ನಿಲ್ದಾಣ ಅನಾಥವೆಂದೇ ಲೆಕ್ಕ, ಅದನ್ನು ಯಾರಾದರೂ ಒಡೆದರೆ ಒಳಗಿನ ಸಾಮಾನಿಗೂ ಕಾವಲಿಲ್ಲ. ಪ್ರತಿ ಭಾನುವಾರ ಕೂತು ಯಾವ ನಿಲ್ದಾಣದಲ್ಲಿ ಎಷ್ಟು ದಿನಕ್ಕೆ ಸಾಲುವಷ್ಟಿದೆ ಎಂದು ಬರೆದಿಡುತ್ತಿದ್ದೆ. ಪ್ರತಿ ನಿಲ್ದಾಣದ ಎದುರು ಎರಡು ಹೆಸರು, ಒಂದು ನನ್ನದು, ಇನ್ನೊಂದು ನಾನಿಲ್ಲದಾಗ ನೋಡುವವರದು.

ಆಫೀಸಿನಲ್ಲಿ ಇಂಥ ಪಟ್ಟಿ ಇರಲಿಲ್ಲ.

2021ರ ಅಕ್ಟೋಬರ್ 1ರಿಂದ ಕಾರ್ಡಿನ ಆಟೋ ಡೆಬಿಟ್‌ಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಗೆ ಬಂತು. 5,000 ರೂಪಾಯಿ ದಾಟಿದರೆ ಪ್ರತಿ ಸಲವೂ ಓಟಿಪಿ ಬೇಕು (ಮುಂದಿನ ವರ್ಷ ಈ ಮಿತಿ 15,000ಕ್ಕೆ ಏರಿತು). ಹೊಸದಾಗಿ ನೋಂದಾಯಿಸದ ಹಳೆಯ ಆಟೋ ಡೆಬಿಟ್‌ಗಳನ್ನು ಬ್ಯಾಂಕುಗಳು ತಿರಸ್ಕರಿಸತೊಡಗಿದವು. ಸರ್ವರಿನಲ್ಲಿ ತೊಂದರೆಯಾದರೆ ನಮಗೆ ಫೋನ್ ಮಾಡಿ ಎಬ್ಬಿಸುವ ಒಂದು ಸೇವೆಯನ್ನು ನಾವು ಬಳಸುತ್ತಿದ್ದೆವು. ಅದರ ಬಿಲ್ ಹೋಗುತ್ತಿದ್ದದ್ದು ಕೆಲಸ ಬಿಟ್ಟುಹೋಗಿದ್ದ ಮ್ಯಾನೇಜರ್ ಹೆಸರಿನ ಕಾರ್ಡಿನಿಂದ. ಎಚ್ಚರಿಕೆಯ ಮೇಲ್‌ಗಳೂ ಅವರ ಮುಚ್ಚಿದ ಅಂಚೆಪೆಟ್ಟಿಗೆಗೇ.

ಆ ಸೇವೆಯ ಪುಟದ ಮೇಲ್ಗಡೆ ಹಣ ಸಂದಾಯವಾಗಿಲ್ಲ ಎಂಬ ಕೆಂಪು ಪಟ್ಟಿಯನ್ನು ನಾನು ನಾಲ್ಕು ದಿನ ಮೊದಲೇ ನೋಡಿದ್ದೆ. ಪಾಳಿ ಬದಲಾಗುವಾಗ ಧಾರವಾಡದ ಹಿರಿಯ ಸಹೋದ್ಯೋಗಿಗೆ ಹೇಳಿದೆ ಕೂಡ. ನಾವೆಲ್ಲ ಅವರನ್ನು ಅಣ್ಣಾರು ಅಂತೇವೆ. "ಆಟೋ ಪೇ ಐತಲ್ಲೋ ತಮ್ಮಾ, ಅಕೌಂಟ್ಸ್‌ನವ್ರು ನೋಡ್ಕೋತಾರ ಬಿಡು" ಅಂದರು. ನಾನೂ ಬಿಟ್ಟೆ.

ಐದನೇ ರಾತ್ರಿ ಎರಡು ಗಂಟೆಯ ಸುಮಾರಿಗೆ ಡೇಟಾಬೇಸ್ ಸರ್ವರಿನ ಡಿಸ್ಕ್ ತುಂಬಿತು. ಯಾರ ಫೋನೂ ರಿಂಗಾಗಲಿಲ್ಲ. ಕೊರೊನಾ ಕಾಲ, ವಾಕಡಿನ ನನ್ನ ಕೋಣೆಯಲ್ಲೇ ಪಾಳಿ. ಬೇರೆ ಕೆಲಸದ ಮೇಲೆ ಕೂತಿದ್ದೆ, ಎಲ್ಲ ಸರಿಯಿದೆ ಅಂದುಕೊಂಡಿದ್ದೆ. ನಮ್ಮ ಗ್ರಾಹಕರಲ್ಲಿ ರಾತ್ರಿಯಿಡೀ ತೆರೆದಿರುವ ಔಷಧ ಅಂಗಡಿಗಳಿದ್ದವು. ಬಿಲ್ಲಿಂಗ್ ನಿಂತು ಅವರು ಚೀಟಿಯಲ್ಲಿ ಬರೆದು ಔಷಧ ಕೊಟ್ಟಿದ್ದಾರೆ. ವಿಷಯ ನಮಗೆ ಗೊತ್ತಾದದ್ದು ಐದು ಗಂಟೆಗೆ, ಒಬ್ಬ ಅಂಗಡಿಯವರು ಫೋನ್ ಮಾಡಿದಾಗ. ಡಿಸ್ಕ್ ಖಾಲಿ ಮಾಡಿ ಸರಿಪಡಿಸಲು ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಮೂರು ಗಂಟೆ ಕಾಲ ಹೊತ್ತಿಲ್ಲದ ಹೊತ್ತಿನಲ್ಲಿ ಔಷಧಕ್ಕೆ ಬಂದವರು ಕಾಯುತ್ತ ನಿಂತಿದ್ದರು ಎಂಬುದು ನನಗೆ ಇವತ್ತಿಗೂ ಕೆಡುಕೆನಿಸುತ್ತದೆ.

ಮ್ಯಾನೇಜರ್ ಕೇಳಿದಾಗ ಕೆಂಪು ಪಟ್ಟಿ ನೋಡಿದ್ದೆ ಎಂದು ಒಪ್ಪಿಕೊಂಡೆ. ಆಟದಲ್ಲಿ ಯಾರೋ ಅಪರಿಚಿತರ ನಿಲ್ದಾಣದ ಇಂಧನವನ್ನು ಎಣಿಸುತ್ತಿದ್ದವನು ನಾನು. ಸಂಬಳ ಕೊಡುವ ಕೆಲಸದಲ್ಲಿ ಕಣ್ಣೆದುರಿನ ಬಿಲ್ಲನ್ನು ಬೇರೆಯವರ ಕೆಲಸ ಅಂದುಕೊಂಡೆ. ಅಣ್ಣಾರದ್ದು ತಪ್ಪೆಂದು ನನಗನ್ನಿಸುವುದಿಲ್ಲ. ಅಕೌಂಟ್ಸ್‌ನವರು ನಮ್ಮ ತಂಡ ನೋಡುತ್ತದೆ ಅಂದುಕೊಂಡಿದ್ದರು, ನಾವು ಅವರು ಅಂದುಕೊಂಡಿದ್ದೆವು.

ಆ ವಾರವೇ ಅಕೌಂಟ್ಸ್‌ನ ಕಲಬುರಗಿಯ ಅಕ್ಕೋರ ಜೊತೆ ಕೂತೆ. ನಮ್ಮ ಇಂಧನದ ಪಟ್ಟಿ ತೋರಿಸಿದಾಗ ಅವರು ನಗಲಿಲ್ಲ, ಆಟ ಯಾವುದೆಂದೂ ಕೇಳಲಿಲ್ಲ. "ಇದ್ರಾಗ ಒಂದು ಕಾಲಂ ಕಮ್ಮಿ ಅದ. ಓಟಿಪಿ ಯಾರ ಮೊಬೈಲಿಗಿ ಬರ್ತದ?" ಅಂದರು. ನನಗೆ ಹೊಳೆದೇ ಇರಲಿಲ್ಲ. ಡೊಮೇನ್, ಎಸ್‌ಎಸ್‌ಎಲ್ ಸರ್ಟಿಫಿಕೇಟ್, ಎಸ್‌ಎಂಎಸ್, ಬ್ಯಾಕಪ್ ಜಾಗ, ಅವಧಿ ಮುಗಿಯುವಂಥದ್ದೆಲ್ಲ ಪಟ್ಟಿಗೆ ಬಂತು. ಹುಡುಕುತ್ತ ಹೋದಾಗ ಇನ್ನೂ ಮೂರು ಬಿಲ್ ಅದೇ ಹಳೆಯ ಕಾರ್ಡಿನ ಮೇಲಿದ್ದವು.

ಪಾಳಿ ಬದಲಾಗುವಾಗ ಕೇಳುವ ಮಾತೂ ಬದಲಾಯಿತು. ಮೊದಲು "ಏನಾರ ಪೆಂಡಿಂಗ್ ಐತೇನು?" ಅನ್ನುತ್ತಿದ್ದೆವು, ಇಲ್ಲ ಅಂದರೆ ಮುಗಿಯಿತು. ಈಗ ಅಣ್ಣಾರೇ ಕೇಳುತ್ತಾರೆ, "ಮುಂದಿನ ಏಳು ದಿನದಾಗ ಏನೇನ್ ಮುಗೀತಾವು?" ಉತ್ತರ ಹೇಳಬೇಕಾದರೆ ಪಟ್ಟಿ ತೆರೆಯಲೇಬೇಕು.

ಪಟ್ಟಿಯಲ್ಲಿ ಈಗ 43 ಸಾಲು. ಬ್ಯಾಕಪ್ ಜಾಗದ ಎದುರು ಎರಡನೇ ಹೆಸರಿನವರು ಹೋದ ವಾರ ಕೆಲಸ ಬಿಟ್ಟರು, ಆ ಹೆಸರಿನ ಕಾಲಂ ಖಾಲಿಯಿದೆ. ಸೋಮವಾರ ಹೊಸದಾಗಿ ಸೇರುವ ಹುಡುಗಿಯನ್ನು ಕೇಳಬೇಕು.