ತಾಳೆಗರಿಗೆ ಏಸಿ ಇರ್ಲಿಲ್ಲ

ಮೂರ್ನಾಲ್ಕು ವರ್ಷದ ಹಿಂದೆ ಬೆಂಗಳೂರಲ್ಲಿ ಒಂದು ಸಣ್ಣ ಖಾಸಗಿ ಸಂಗ್ರಹದ ಸ್ಟೋರ್‌ರೂಮಲ್ಲಿ ಒಂದು ಮಳೆಗಾಲ ಪೂರ್ತಿ ಕ್ಯಾಟಲಾಗ್ ಕೆಲಸ ಮಾಡಿದ್ದೆ. ಹಳೇ ಪ್ರಿಂಟುಗಳು, ಫೋಟೋಗಳು, ಒಂದಷ್ಟು ಓಲೆಗರಿ ಕಟ್ಟುಗಳು. ಬೆಳಿಗ್ಗೆ ಹತ್ತಕ್ಕೆ ಏಸಿ ಆನ್, ಸಂಜೆ ಆರಕ್ಕೆ ಆಫ್, ಭಾನುವಾರ ಪೂರ್ತಿ ಆಫ್, ಯಾಕಂದ್ರೆ ದಿನವಿಡೀ ಹಾಕಿದ್ರೆ ಕರೆಂಟ್ ಬಿಲ್ ಕಟ್ಟೋಕೆ ದುಡ್ಡಿಲ್ಲ. ಒಂದು ಸೋಮವಾರ ಕಬ್ಬಿಣದ ಬೀರು ತೆಗೆದ್ರೆ ಮೂರು ಪ್ರಿಂಟಿನ ಮೇಲೆ ಬಿಳಿ ಬಿಳಿ ಬೂಷ್ಟು. ಹೊಟ್ಟೆ ಒಳಗೆ ಏನೋ ಕಿವುಚಿದ ಹಾಗಾಯ್ತು ನಂಗೆ.

ಆಮೇಲೆ ಯೋಚನೆ ಮಾಡಿದಾಗ ಅರ್ಥ ಆಗಿದ್ದು ಇಷ್ಟು. ಹಗಲೆಲ್ಲಾ ಏಸಿ ಗೋಡೆನೂ ಬೀರುನೂ ತಣ್ಣಗೆ ಮಾಡಿರುತ್ತೆ, ಏಸಿ ಆಫ್ ಆದ ಮೇಲೆ ಮಳೆಗಾಲದ ಹಸಿ ಗಾಳಿ ಬಾಗಿಲ ಸಂದಿಂದ ಒಳಗೆ ಬರುತ್ತೆ, ಬಂದು ಆ ತಣ್ಣನೆ ಕಬ್ಬಿಣ ಮುಟ್ಟುತ್ತೆ, ಫ್ರಿಜ್ಜಿಂದ ತೆಗೆದಿಟ್ಟ ನೀರಿನ ಬಾಟ್ಲಿ ಬೆವರುತ್ತಲ್ಲ ಹಾಗೇ ಬೀರು ಬೆವರುತ್ತೆ. ದಿನಾ ಇದೇ. ಏಸಿ ಇಲ್ದೇ ಇದ್ದಿದ್ರೇ ಆ ಪ್ರಿಂಟುಗಳು ಚೆನ್ನಾಗಿರ್ತಿದ್ವು ಅಂತ ನಂಗೆ ಈಗ್ಲೂ ಅನ್ಸುತ್ತೆ. ಕಾಪಾಡೋಕೆ ಅಂತ ಕರೆಂಟ್ ಸುಟ್ಟು, ಆ ಕರೆಂಟಿಂದಾನೇ ಹಾಳು ಮಾಡಿದ್ವಿ.

ಅಲ್ಲಿ ಗೋಡೆ ಮೇಲೆ ಒಂದು ಹಾಳೆ ಅಂಟಿಸಿದ್ರು, 20 ಡಿಗ್ರಿ, ತೇವಾಂಶ ಶೇ. 50 ಅಂತ. ಈ ನಂಬರ್ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದೆ, ಕಥೆ ಲಂಡನ್ನಿಗೆ ಹೋಗಿ ನಿಂತ್ಕೊಳ್ತು. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷ್ ಮ್ಯೂಸಿಯಂನವರು ಬಾಂಬಿಗೆ ಹೆದರಿ ತಮ್ಮ ವಸ್ತುಗಳಲ್ಲಿ ಒಂದಷ್ಟನ್ನ ನೆಲದಡಿ ರೈಲು ಸುರಂಗದಲ್ಲಿಟ್ಟಿದ್ರು, ವಾಪಸ್ ತೆಗೆದಾಗ ತುಕ್ಕು, ಬೂಷ್ಟು. ಅದನ್ನ ನೋಡಿ 1920ರಲ್ಲಿ ಅಲ್ಲೊಂದು ಲ್ಯಾಬ್ ಶುರು ಮಾಡಿದ್ರು. ಎರಡನೇ ಯುದ್ಧದ ಹೊತ್ತಿಗೆ ನ್ಯಾಷನಲ್ ಗ್ಯಾಲರಿಯವರು ಹುಷಾರಾಗಿದ್ರು. 1941ರಲ್ಲಿ ಪೇಂಟಿಂಗುಗಳನ್ನ ವೇಲ್ಸ್‌ನ ಮ್ಯಾನೊಡ್ ಅನ್ನೋ ಸ್ಲೇಟ್ ಕಲ್ಲಿನ ಗಣಿ ಒಳಗೆ ಸಾಗಿಸಿದ್ರು, ಗಣಿ ಒಳಗೇ ಇಟ್ಟಿಗೆ ಕೋಣೆ ಕಟ್ಟಿ, 17 ಡಿಗ್ರಿ, ತೇವಾಂಶ ಶೇ. 42ರಲ್ಲಿ ಒಂದೇ ಸಮ ಇಟ್ರು. ಅಲ್ಲಿದ್ದಷ್ಟು ದಿನ ಚಿತ್ರಗಳು ಆರಾಮಾಗಿದ್ವು. ಯುದ್ಧ ಮುಗಿದು ಲಂಡನ್ನಿಗೆ ವಾಪಸ್ ಬಂದ ಮೇಲೆ ಮತ್ತೆ ಬಣ್ಣ ಏಳೋಕೆ ಶುರು. ಸರಿ, ಗ್ಯಾಲರಿ ಒಳಗೂ ಏಸಿ ಬಂತು, ಜೊತೆಗೆ ಇಷ್ಟೇ ಇರ್ಬೇಕು ಅನ್ನೋ ನಿಗದಿ ನಂಬರೂ.

ಮ್ಯಾನೊಡ್ ಕಥೇಲಿ ನಂಗೆ ಕಾಣೋ ಪಾಠ ಬೇರೆ. ಚಿತ್ರ ಉಳಿಸಿದ್ದು ಆ ನಂಬರ್ ಅಲ್ಲ, ಏರುಪೇರು ಇಲ್ಲದೇ ಇದ್ದಿದ್ದು. ಸುತ್ತ ಗುಡ್ಡದಷ್ಟು ಕಲ್ಲು ಇತ್ತಲ್ಲ, ಅದು ಅರ್ಧ ಕೆಲಸ ಮಾಡಿತ್ತು. ಆದ್ರೆ ಪ್ರಪಂಚ ಕಲ್ಲನ್ನ ಮರೆತು ಮಷೀನನ್ನ ಮಾತ್ರ ಹಿಡ್ಕೊಳ್ತು. ಅದೇ ನ್ಯಾಷನಲ್ ಗ್ಯಾಲರಿಯ ವಿಜ್ಞಾನಿ ಗ್ಯಾರಿ ಥಾಮ್ಸನ್ 1978ರ ತಮ್ಮ ಪುಸ್ತಕದಲ್ಲೇ ಬಿಚ್ಚಿ ಹೇಳಿಬಿಟ್ಟಿದ್ರು, ತೇವಾಂಶ ನಾಲ್ಕೈದು ಪಾಯಿಂಟ್ ಆಚೀಚೆ ಮಾತ್ರ ಆಗ್ಬಹುದು ಅನ್ನೋ ಮಿತಿ ಬಂದಿದ್ದು ಮಷೀನಿನ ತಾಕತ್ತು ನೋಡಿ, ಅಷ್ಟು ಚಿಕ್ಕ ಬದಲಾವಣೆಯಿಂದ ವಸ್ತುಗೆ ಏನಾಗುತ್ತೆ ಅಂತ ಆಳವಾಗಿ ತಿಳಿದು ಅಲ್ಲ ಅಂತ. ಎಷ್ಟು ಜನ ಆ ಸಾಲು ಓದಿದ್ರೋ! ನಂಬರ್ ಮಾತ್ರ ಊರೂರು ತಿರುಗಿ ನಮ್ಮ ಸ್ಟೋರ್‌ರೂಮಿನ ಗೋಡೆ ತನಕ ಬಂತು.

ಆ ನಂಬರ್ ಎಷ್ಟು ಕರೆಂಟ್ ತಿನ್ನುತ್ತೆ ಅಂತ ಒಂದ್ಸಲ ನೋಡಿ. 20 ಡಿಗ್ರಿಲಿ ಶೇ. 50 ತೇವಾಂಶ ಬೇಕು ಅಂದ್ರೆ ಗಾಳಿನ ಸುಮಾರು 9 ಡಿಗ್ರಿವರೆಗೆ ತಣ್ಣಗೆ ಮಾಡಿ ನೀರು ಇಳಿಸ್ಬೇಕು, ಆಮೇಲೆ ಅದೇ ಗಾಳಿನ ಮತ್ತೆ 20ಕ್ಕೆ ಬಿಸಿ ಮಾಡ್ಬೇಕು. ತಣ್ಣಗೆ ಮಾಡೋಕೊಂದ್ಸಲ ಖರ್ಚು, ಬಿಸಿ ಮಾಡೋಕೆ ಇನ್ನೊಂದ್ಸಲ. ಅದೇ 25 ಡಿಗ್ರಿ, ಶೇ. 60 ಸಾಕು ಅಂದ್ರೆ 17ರ ಹತ್ತಿರ ನಿಲ್ಲಿಸಬಹುದು. ಹೊರಗೆ ಜಡಿಮಳೆ ಹಿಡಿದಿರೋ ಊರಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

1994ರಲ್ಲೇ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಸ್ಥೆಯ ವಿಜ್ಞಾನಿಗಳು ಮರ, ಅಂಟು, ಬಣ್ಣ ಎಲ್ಲಾ ಎಳೆದು ಬಗ್ಗಿಸಿ ನೋಡಿ, ಬಹುಪಾಲು ವಸ್ತುಗಳು ಆ ನಾಲ್ಕೈದು ಪಾಯಿಂಟ್‌ಗಿಂತ ಜಾಸ್ತಿ ಏರಿಳಿತ ತಡ್ಕೊಳ್ತವೆ ಅಂದಿದ್ರು. ದೊಡ್ಡ ಜಗಳಾನೇ ಆಯ್ತು ಆಗ. ಕೊನೆಗೆ ದೊಡ್ಡ ಮ್ಯೂಸಿಯಂಗಳ ಡೈರೆಕ್ಟರುಗಳ ಬಿಜೋ ಗುಂಪು ಅಂತ ಒಂದಿದೆ, ಅವರೂ ಒಪ್ಕೊಂಡ್ರು. ಬಹುತೇಕ ವಸ್ತುಗಳಿಗೆ 16ರಿಂದ 25 ಡಿಗ್ರಿ, ತೇವಾಂಶ ಶೇ. 40ರಿಂದ 60, ಒಂದು ದಿನದಲ್ಲಿ ಹತ್ತು ಪಾಯಿಂಟ್‌ಗಿಂತ ಜಾಸ್ತಿ ಆಚೀಚೆ ಆಗ್ಬಾರ್ದು ಅಷ್ಟೇ. 2014ರಲ್ಲಿ ಸಂರಕ್ಷಕರ ಅಂತಾರಾಷ್ಟ್ರೀಯ ಸಂಸ್ಥೆಗಳು ಸೇರಿ ಆಯಾ ಊರಿನ ಹವೇನೂ ಲೆಕ್ಕಕ್ಕೆ ತಗೋಬೇಕು ಅಂತ ಹೇಳಿಕೆ ಕೊಟ್ವು. ಆದ್ರೂ ಒಂದು ಪೇಂಟಿಂಗ್ ಎರವಲು ಕೇಳಿ ನೋಡಿ, ಕರಾರು ಪತ್ರದಲ್ಲಿ ಹಳೇ ನಂಬರೇ ಬಂದು ಕೂತಿರೋದು ಎಷ್ಟೋ ಕಡೆ ಇದೆ.

ಇದನ್ನೆಲ್ಲಾ ಓದ್ತಾ ಓದ್ತಾ ನಂಗೆ ನೆನಪಾಗಿದ್ದು ಮೂಡುಬಿದಿರೆ. ವರ್ಷಕ್ಕೆ 3500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳೋ ಊರು. ಹನ್ನೆರಡನೇ ಶತಮಾನದಲ್ಲಿ ಹಳಗನ್ನಡ ಲಿಪಿಯಲ್ಲಿ, ತಾಳೆಗರಿ ಮೇಲೆ ಬರೆದ ಧವಲಾ ಅನ್ನೋ ಜೈನ ಸಿದ್ಧಾಂತ ಗ್ರಂಥಗಳು ಅಲ್ಲಿ ಉಳಿದು ಬಂದಿವೆ. ಅಂದ್ರೆ 800 ಮಳೆಗಾಲ ದಾಟಿವೆ, ಅದರಲ್ಲಿ ಬಹುಪಾಲು ಒಂದು ಯೂನಿಟ್ ಕರೆಂಟಿಲ್ದೇ. ಎಲ್ಲಾ ಗರಿನೂ ಪೂರ್ತಿ ಉಳಿದಿಲ್ಲ, ನಿಜ, ಹಾಳಾಗಿರೋದೂ ಇವೆ. ಆದ್ರೂ ಆ ಹವೆಲಿ ಇದು ಸಾಮಾನ್ಯ ಮಾತಾ?

ಹೇಗೆ ಉಳಿದ್ವು ಅಂದ್ರೆ, ಮೇಲೆ ಕೆಳಗೆ ಮರದ ಹಲಗೆ ಇಟ್ಟು ದಾರದಲ್ಲಿ ಬಿಗಿಯಾಗಿ ಕಟ್ಟೋದು, ಗರಿ ಸೊಟ್ಟಾಗಲ್ಲ, ಗಾಳಿ ಒಳಗೆ ನುಗ್ಗಲ್ಲ. ಅದರ ಮೇಲೆ ಹತ್ತಿ ಬಟ್ಟೆ, ಅದರ ಮೇಲೆ ಮರದ ಪೆಟ್ಟಿಗೆ, ಅದರ ಸುತ್ತ ದಪ್ಪ ಕಲ್ಲಿನ ಗೋಡೆ. ಬಟ್ಟೆನೂ ಮರಾನೂ ತೇವ ಹೀರ್ಕೊಂಡು ನಿಧಾನಕ್ಕೆ ಬಿಡ್ತವೆ, ಹೊರಗಡೆ ಹವೆ ಎಷ್ಟೇ ಕುಣಿದ್ರೂ ಒಳಗಿರೋ ಗರಿಗೆ ಅದು ತಟ್ಟೋದು ತಡವಾಗಿ, ಮೆತ್ತಗೆ. ಮ್ಯಾನೊಡ್ ಗಣಿ ಮಾಡಿದ್ದೂ ಇದನ್ನೇ ಅಲ್ವಾ.

ಇನ್ನೊಂದು ವಿಷಯ ನಂಗೆ ಬಹಳ ಇಷ್ಟ. ಜೈನರು ಶ್ರುತಪಂಚಮಿ ಆಚರಿಸ್ತಾರೆ, ಜ್ಯೇಷ್ಠ ಶುದ್ಧ ಪಂಚಮಿ ದಿನ. ಗ್ರಂಥಗಳನ್ನ ಹೊರಗೆ ತೆಗೆದು, ಧೂಳು ಒರೆಸಿ, ಹೊಸ ಬಟ್ಟೆ ಸುತ್ತಿ ಪೂಜೆ ಮಾಡೋದು. ಅದು ಬರೋದು ಯಾವಾಗ? ಮೇ ಕೊನೆ, ಜೂನ್, ಅಂದ್ರೆ ಮಳೆ ಹಿಡಿಯೋ ಹೊತ್ತಿಗೆ. ನಮ್ಮ ಮನೇಲಿ ನವರಾತ್ರಿ ಸರಸ್ವತಿ ಪೂಜೆಗೆ ಪುಸ್ತಕ ಎಲ್ಲಾ ಇಳಿಸ್ತಿದ್ರು, ಅದು ಮಳೆ ಬಿಟ್ಟ ಮೇಲೆ. ಮಳೆಗೆ ಮುಂಚೆ ಒಂದ್ಸಲ, ಮಳೆ ಆದ್ಮೇಲೆ ಒಂದ್ಸಲ ಕಣ್ಣು ಹಾಯಿಸಿದ್ರೆ ಹುಳ, ಗೆದ್ದಲು, ಬೂಷ್ಟು ಯಾವ್ದೇ ಇದ್ರೂ ಸಿಕ್ಕೇ ಸಿಗುತ್ತೆ. ನಮ್ಮ ಸ್ಟೋರ್‌ರೂಮಲ್ಲಿ ಆ ಬೀರು ಎಷ್ಟು ತಿಂಗಳಿಂದ ಯಾರೂ ತೆಗೆದಿರ್ಲಿಲ್ಲ ಗೊತ್ತಾ, ಏಸಿ ಇದೆಯಲ್ಲ ಅನ್ನೋ ಧೈರ್ಯ.

ಹಾಗಂತ ಎಲ್ಲಾ ಮಷೀನ್ ಕಿತ್ತು ಹಾಕಿ ಅಂತ ನಾನು ಹೇಳ್ತಿಲ್ಲ. ತೇವಾಂಶ ಶೇ. 65-70 ದಾಟಿ ಅಲ್ಲೇ ನಿಂತ್ರೆ ಬೂಷ್ಟು ಬಂದೇ ಬರುತ್ತೆ, ಕರಾವಳಿ ಮಲೆನಾಡಲ್ಲಿ ಅದು ತಿಂಗಳುಗಟ್ಟಲೆ. ಹಳೇ ಫಿಲ್ಮ್ ನೆಗೆಟಿವ್‌ಗೆ ತಂಪು ಬೇಕೇ ಬೇಕು. ಆದ್ರೆ ಅದನ್ನ ಒಂದು ಸಣ್ಣ ಕೋಣೆಗೆ ಕೊಡಿ, ಇಡೀ ಕಟ್ಟಡಕ್ಕೆ ಯಾಕೆ? ವೀರಗಲ್ಲಿಗೆ ಏಸಿ ಯಾಕೆ? ಡೆನ್ಮಾರ್ಕಿನಲ್ಲಿ ವೈಲೆ ಅನ್ನೋ ಊರಲ್ಲಿ ಮ್ಯೂಸಿಯಂಗಳಿಗೆ ಅಂತ ಒಂದು ಗೋದಾಮು ಕಟ್ಟಿದ್ದಾರೆ, ದಪ್ಪ ಗೋಡೆ, ನೆಲಕ್ಕೆ ಶಾಖ ತಡೆಯೋ ಪದರ ಬೇಕಂತಲೇ ಹಾಕಿಲ್ಲ, ಮಣ್ಣಿನ ತಾಪಮಾನವೇ ಒಳಗೆ ಬರ್ಲಿ ಅಂತ. ವರ್ಷದಲ್ಲಿ ನಿಧಾನಕ್ಕೆ ಏರುತ್ತೆ, ನಿಧಾನಕ್ಕೆ ಇಳಿಯುತ್ತೆ, ತೇವ ತೆಗೆಯೋಕೆ ಮಾತ್ರ ಮಷೀನು. ನಮ್ಮಲ್ಲಿ ದಪ್ಪ ಗೋಡೆ, ಎತ್ತರದ ಸೂರು, ಗವಾಕ್ಷಿ ಇರೋ ಹಳೇ ಕಟ್ಟಡಗಳು ಬೇಕಾದಷ್ಟಿವೆ, ನಾವೇ ಗವಾಕ್ಷಿಗೆ ಪ್ಲೈವುಡ್ ಹೊಡೆದು ಸ್ಪ್ಲಿಟ್ ಏಸಿ ಹಾಕ್ತೀವಿ. ಇದನ್ನ ನೋಡಿದಾಗೆಲ್ಲಾ ನಂಗೆ ಬೇಜಾರಾಗುತ್ತೆ.

ಎಕ್ಸಿಬಿಷನ್ ಮುಗಿದ ಮೇಲೆ ಬೀಳೋ ಕಸದ್ದು ಇನ್ನೊಂದು ದೊಡ್ಡ ಕಥೆ, ಫ್ಲೆಕ್ಸು, ಸನ್‌ಬೋರ್ಡು, ಎಮ್‌ಡಿಎಫ್ ಗೋಡೆ ಎಲ್ಲಾ ಒಂದೇ ದಿನದಲ್ಲಿ ಲಾರಿಗೆ. ಊರೂರು ನಾಟಕ ಆಡೋ ನೀನಾಸಮ್ ತಿರುಗಾಟದವರು 1985ರಿಂದ ರಂಗಸಜ್ಜಿಕೆ ಕಟ್ಟಿ, ಬಿಚ್ಚಿ, ಮಡಚಿ, ಊರಿಂದ ಊರಿಗೆ ಹೊತ್ಕೊಂಡು ಹೋಗ್ತಿದ್ದಾರೆ. ನಮ್ಮ ಗ್ಯಾಲರಿಯವರು ಒಂದ್ಸಲ ಅವರ ಜೊತೆ ಕೂತು ಮಾತಾಡಿದ್ರೆ ಎಷ್ಟೋ ಕಲೀಬಹುದು.

ನಾನು ಆ ಸ್ಟೋರ್‌ರೂಮ್ ಬಿಡೋ ಮುಂಚೆ ಮೂರು ಕೆಲಸ ಮಾಡ್ಸಿದೆ. ಕಬ್ಬಿಣದ ಬೀರು ಗೋಡೆಯಿಂದ ಒಂದಡಿ ಈಚೆ, ಪ್ರಿಂಟುಗಳೆಲ್ಲಾ ಆಸಿಡ್ ಇಲ್ಲದ ರಟ್ಟಿನ ಡಬ್ಬಿ ಒಳಗೆ, ಏಸಿ ಬದಲು ಗಾಳಿಯ ತೇವ ತೆಗೆಯೋ ಒಂದು ಡಿಹ್ಯೂಮಿಡಿಫೈಯರ್, ಅದೂ ತೇವಾಂಶ ಶೇ. 60 ದಾಟಿದಾಗ ಮಾತ್ರ ತಾನೇ ಆನ್ ಆಗೋ ಹಾಗೆ. ಆ ಗೋಡೆ ಮೇಲಿನ ಹಾಳೆ ಕಿತ್ತು ಬೇರೆ ಹಾಳೆ ಅಂಟಿಸಿದೆ, ಅದರಲ್ಲಿ ಎರಡೇ ತಾರೀಖು, ಶ್ರುತಪಂಚಮಿ, ಮೂಲಾ ನಕ್ಷತ್ರದ ಸರಸ್ವತಿ ಪೂಜೆ. ಅವತ್ತು ಎಲ್ಲಾ ಡಬ್ಬಿ ತೆಗೆದು ನೋಡ್ಬೇಕು ಅಂತ. ಹೋದ ವರ್ಷ ಅಲ್ಲಿರೋ ಹುಡುಗಿ ಫೋನ್ ಮಾಡಿದ್ಲು, "ಅಕ್ಕ, ಇವತ್ತು ಎಲ್ಲಾ ತೆಗೆದೆ, ಒಂದು ಡಬ್ಬಿಲಿ ಬೆಳ್ಳಿಮೀನು ಹುಳ ಸಿಕ್ತು, ಇನ್ನೆಲ್ಲಾ ಕ್ಲೀನ್ ಇದೆ" ಅಂದ್ಲು.