ಆಶ್ವಿಟ್ಜ್ ನೋಡಲು ಹೋಗುವ ಮುನ್ನ

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ನಾಜಿಗಳು ಲಕ್ಷಾಂತರ ಜನರನ್ನು ಕೊಂದ ಶಿಬಿರ ಆಶ್ವಿಟ್ಜ್; ಈಗ ಅದು ಸಂಗ್ರಹಾಲಯ. ಪೋಲೆಂಡಿನ ಕ್ರಾಕೋವ್ ನಗರದಿಂದ ಅಲ್ಲಿಗೆ ಸುಮಾರು 70 ಕಿ.ಮೀ. ಪ್ರವೇಶ ಉಚಿತ, ಆದರೆ ಪಾಸ್ ಮೊದಲೇ ಆನ್‌ಲೈನಿನಲ್ಲಿ ಕಾಯ್ದಿರಿಸಬೇಕು; ಮಾರ್ಗದರ್ಶಿ ಬೇಕೆಂದರೆ ಶುಲ್ಕವಿದೆ. ಬೇಸಿಗೆಯಲ್ಲಿ ಸಮಯಗಳು ಬೇಗ ತುಂಬಿಹೋಗುತ್ತವೆ. ಪಾಸಿನ ಮೇಲಿನ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ನಮ್ಮಲ್ಲಿ ಇನಿಷಿಯಲ್ ಬಿಡಿಸಿ ಬರೆಯುವ ಗೊಂದಲ ಇದ್ದದ್ದೇ, ಅದನ್ನು ಮನೆಯಲ್ಲೇ ಸರಿಮಾಡಿಕೊಳ್ಳಿ. ತಪಾಸಣೆಗೆ ಅರ್ಧ ಗಂಟೆ ಮುಂಚೆ ತಲುಪಿ. ದೊಡ್ಡ ಬ್ಯಾಗನ್ನು ಒಳಗೆ ಬಿಡುವುದಿಲ್ಲ.

ಮಾರ್ಗದರ್ಶಿಯ ಜೊತೆ ಸುತ್ತಲು ಮೂರೂವರೆ ಗಂಟೆ ಬೇಕು. 4ನೇ ಬ್ಲಾಕಿನಲ್ಲಿ ಗಾಜಿನ ಹಿಂದೆ ಕೈದಿಗಳ ಕೂದಲ ರಾಶಿಯಿದೆ. ಅಲ್ಲಿ ಫೋಟೊ ತೆಗೆಯಬಾರದು. 11ನೇ ಬ್ಲಾಕಿನ ನೆಲಮಾಳಿಗೆಯಲ್ಲೂ ಅಷ್ಟೇ. ಶಿಬಿರಕ್ಕೆ ಕರೆತಂದವರ ಸೂಟ್‌ಕೇಸುಗಳ ಮುಂದೆ ಮಾತ್ರ ಅವಸರ ಮಾಡಬೇಡಿ. ಹಲವದರ ಮೇಲೆ ಬಣ್ಣದಲ್ಲಿ ಬರೆದ ಹೆಸರು, ಕೆಲವದರ ಮೇಲೆ ಹುಟ್ಟಿದ ದಿನಾಂಕ. ವಾಪಸ್ ಸಿಗುತ್ತದೆಂದು ನಂಬಿ ಬರೆದದ್ದು ಅದು. ಇಲ್ಲಿ ಕೊಲ್ಲಲ್ಪಟ್ಟವರು ಸುಮಾರು 11 ಲಕ್ಷ, ಅವರಲ್ಲಿ ಸುಮಾರು 10 ಲಕ್ಷ ಯಹೂದಿಗಳು.

ಬಹಳ ಜನ ಇಷ್ಟಕ್ಕೇ ಸುಸ್ತಾಗಿ ಹಿಂದಿರುಗುತ್ತಾರೆ. ಅದು ದೊಡ್ಡ ತಪ್ಪು. 3 ಕಿ.ಮೀ. ಆಚೆ ಇದೇ ಶಿಬಿರದ ಇನ್ನೊಂದು ಭಾಗವಾದ ಬಿರ್ಕೆನೌ ಇದೆ, ಉಚಿತ ಬಸ್ಸೂ ಇದೆ. ಕೊಲೆಯ ಪ್ರಮಾಣ ಅರಿವಾಗುವುದೇ ಅಲ್ಲಿ: ಗೇಟಿನೊಳಗೆ ನುಗ್ಗುವ ರೈಲು ಹಳಿ, ಅದರ ಕೊನೆಯಲ್ಲಿ 1945ರ ಜನವರಿಯಲ್ಲಿ ನಾಜಿಗಳೇ ಸ್ಫೋಟಿಸಿದ ವಿಷಾನಿಲ ಕೋಣೆಗಳ ಅವಶೇಷ. ಬಟಾಬಯಲು, ನೆರಳು ಕಡಿಮೆ, ಚಳಿಗಾಲದಲ್ಲಿ ಗಾಳಿ ಕೊರೆಯುತ್ತದೆ. ಗಟ್ಟಿ ಶೂ, ನೀರಿನ ಬಾಟಲಿ ಇರಲಿ. 14 ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯದಿರುವುದು ಒಳ್ಳೆಯದೆಂದು ಸಂಗ್ರಹಾಲಯವೇ ಹೇಳುತ್ತದೆ.