ಹದಿನಾರರ ತನಕ ಯಾರ ಮನೆಯಲ್ಲಿದ್ದೆ?

ಕೆನಡಾದಲ್ಲಿ ನನ್ನ ಕೆಲಸವೇನೆಂದು ಅಂಕೋಲೆಯ ಮನೆಯವರಿಗೆ ತಿಳಿಸಿ ಹೇಳುವುದು ಸುಲಭವಲ್ಲ. "ಕೊಲೆ ಮಾಡ್ದವ್ರ ಸಂಗಡ ಕೂತ್ಕಂಡು ಏನ್ ಮಾತಾಡ್ತೆ?" ಎಂದು ದೊಡ್ಡಮ್ಮ ಫೋನಿನಲ್ಲಿ ಕೇಳುತ್ತಾರೆ. ಆರೋಪಿಯ ಮನಸ್ಸು ಸ್ವಸ್ಥವಾಗಿದೆಯೇ, ಮತ್ತೆ ಹಿಂಸೆಗೆ ಇಳಿಯುವ ಸಂಭವ ಎಷ್ಟು ಎಂದು ಕೋರ್ಟಿಗೆ ವರದಿ ಕೊಡುವ ತಂಡದಲ್ಲಿ ನಾನು ಮನಶ್ಶಾಸ್ತ್ರಜ್ಞೆ. ನಾನು ನೋಡಿದ ಆರೋಪಿಗಳ ಕಥೆ ಬರೆಯುವಂತಿಲ್ಲ. ಅಳೆಯುವ ಕೋಲಿನ ಬಗ್ಗೆ ಬರೆಯಬಹುದು.

ಅಪಾಯ ಅಂದಾಜಿಸುವ ವಿಆರ್‌ಎಜಿ ಎಂಬ ಪಟ್ಟಿಯಲ್ಲಿ ಒಂದು ಪ್ರಶ್ನೆಯಿದೆ: ಹದಿನಾರು ವರ್ಷದ ತನಕ ಹೆತ್ತ ತಂದೆ-ತಾಯಿ ಇಬ್ಬರ ಜೊತೆಗೂ ಇದ್ದನೇ? ಇಲ್ಲವೆಂದರೆ ಅಂಕ ಏರುತ್ತದೆ. ಹೈಸ್ಕೂಲು ಹತ್ತಿರವೆಂದು ಅಜ್ಜಿಮನೆಯಲ್ಲೇ ಉಳಿದು ಓದಿದವರು ನಮ್ಮ ಕಡೆ ಎಷ್ಟು ಮಂದಿ! ಅವರ ಉತ್ತರವೂ ‘ಇಲ್ಲ’ವೇ.

ಕೆನಡಾದ ಮೂಲನಿವಾಸಿಗಳ ವಿಷಯದಲ್ಲಂತೂ ಇದು ಘೋರ. ಅವರ ಮಕ್ಕಳನ್ನು ಸರ್ಕಾರವೇ ಮನೆಯಿಂದ ಒಯ್ದು ವಸತಿ ಶಾಲೆಗಳಲ್ಲಿ ಇಟ್ಟಿತು. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಸರ್ಕಾರ ಮಾಡಿದ ಅನ್ಯಾಯ ಆ ಮಗುವಿನ ತಲೆಗೇ ಅಪಾಯದ ಅಂಕವಾಗಿ ಬರುತ್ತದೆ. ಶಿಕ್ಷೆ ವಿಧಿಸುವಾಗ ಈ ಹಿನ್ನೆಲೆ ನೋಡಲೇಬೇಕೆಂದು ಇಲ್ಲಿನ ಸುಪ್ರೀಂ ಕೋರ್ಟಿನ 1999ರ ಗ್ಲಾಡ್ಯೂ ತೀರ್ಪು ಹೇಳಿತ್ತು. 2018ರ ಎವರ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು: ವಿಆರ್‌ಎಜಿ ಸೇರಿ ಐದು ಅಳತೆಗಳು ಮೂಲನಿವಾಸಿ ಕೈದಿಗಳಿಗೆ ಹೊಂದುತ್ತವೆಯೇ ಎಂದು ಪರೀಕ್ಷಿಸದೆ ಬಳಸುತ್ತ ಬಂದದ್ದು ತಪ್ಪು ಎಂದಿತು.

ಹಾಗಂತ ಎಲ್ಲವನ್ನೂ ಸಂಸ್ಕೃತಿಯ ಲೆಕ್ಕಕ್ಕೆ ಬರೆದುಬಿಟ್ಟರೆ ಕಾಯಿಲೆಯವನಿಗೆ ದ್ರೋಹ. ನಮ್ಮ ಕಡೆಯ ಬಂಡಿಹಬ್ಬದಲ್ಲಿ ಪೂಜಾರಿ ಗುನಗನಿಗೆ ಭಾರ ಬಂದರೆ, ಅಂದರೆ ಮೈಮೇಲೆ ದೇವರು ಬಂದರೆ, ಯಾರೂ ಅವನನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದಿಲ್ಲ. ಕೈಮುಗಿಯುತ್ತಾರೆ. ಹಬ್ಬ ಮುಗಿದರೆ ಅವನು ಉಂಡು ಮಲಗಿ, ಮತ್ತೆ ತನ್ನ ಕೆಲಸಕ್ಕೆ ಹೋಗುತ್ತಾನೆ. ಹಬ್ಬವಿಲ್ಲದ ದಿನ ಯಾವನೋ ಹುಡುಗ ಊಟ ನಿದ್ದೆ ಬಿಟ್ಟು, ದೇವರು ಹೇಳಿದೆಯೆಂದು ನೆರೆಮನೆಯವನತ್ತ ಕತ್ತಿ ಹಿಡಿದು ಹೊರಟರೆ? ಗಾಬರಿಯಾಗುವುದು ಮೊದಲು ಅವನ ಅವ್ವನಿಗೇ. ಇದು ಬೇರೆ, ಅದು ಬೇರೆ ಎಂದು ಊರಿಗೆ ಚೆನ್ನಾಗಿ ಗೊತ್ತು. ಮುಚ್ಚಿದ ಕೋಣೆಯಲ್ಲಿ ಒಂದೆರಡು ಗಂಟೆ ಅವನೆದುರು ಕೂತವರಿಗೆ ಗೊತ್ತಾಗುವುದು ಕಷ್ಟ.

ಅದಕ್ಕೇ ಆರೋಪಿಯ ಒಪ್ಪಿಗೆ ಪಡೆದು ಮನೆಯವರನ್ನು, ಅವರ ಹಿರಿಯರನ್ನು ಕೇಳುತ್ತೇನೆ: ನಿಮಗೆ ಮೊದಲು ಯಾವಾಗ ಅನುಮಾನ ಬಂತು, ಏನು ನೋಡಿ? ಭಾಷೆ ಬಾರದಿದ್ದರೆ ಹೊರಗಿನ ದುಭಾಷಿಯೇ ಬೇಕು. ನೆಂಟರನ್ನು ಕೂರಿಸಿದರೆ ನಾಚಿಕೆಯ ಮಾತೆಲ್ಲ ನುಂಗಿಹೋಗುತ್ತದೆ. ನನ್ನ ವರದಿಯಲ್ಲಿ ಅವರ ಉತ್ತರ ಮೊದಲು, ಅಂಕ ಆಮೇಲೆ.